ಎಂಟು ಸಿಲಿಂಡರು, ಅತ್ತೆಯ ಹುಣಸೆಹಣ್ಣು

ಮೊನ್ನೆ ಭಾನುವಾರ ನಮ್ಮ ಮಗಳು ಹೊಸ ಎಲೆಕ್ಟ್ರಿಕ್ ಕಾರು ತಂದು ಮನೆ ಮುಂದೆ ನಿಲ್ಲಿಸಿದಳು. ಹುಡ್ಡು ತೆಗೆ ನೋಡೋಣ ಅಂದೆ. ನೀವು ಬಾನೆಟ್ಟು ಅನ್ನುತ್ತೀರಲ್ಲ, ಅದಕ್ಕೆ ಇಲ್ಲಿ ಅಮೆರಿಕದಲ್ಲಿ ಹುಡ್ಡು. ತೆಗೆದಳು. ಒಳಗೆ ಎಂಜಿನ್ನೇ ಇಲ್ಲ! ಅದಿರಬೇಕಾದ ಜಾಗದಲ್ಲಿ ಒಂದು ಗ್ರೋಸರಿ ಚೀಲ ಮಲಗಿತ್ತು. ಕಣ್ಣು ಬಿಟ್ಟುಕೊಂಡು ನಿಂತ ನನ್ನನ್ನು ನೋಡಿ, "ಎಂಜಿನ್ ಇದ್ದಿದ್ರೂ ವಾಟ್ ವುಡ್ ಯು ಲುಕ್ ಫಾರ್, ಅಮ್ಮಾ?" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಹುಟ್ಟುವ ಮೊದಲೇ ಮಾರಿಹೋದ ಒಂದು ಕಾರು ಥಟ್ಟನೆ ಕಣ್ಣ ಮುಂದೆ ಬಂತು.

ಎಂಬತ್ತರ ದಶಕದಲ್ಲಿ ನಾವು ರೆಡ್‌ವುಡ್ ಸಿಟಿಯಲ್ಲಿ ಗ್ಯಾರೇಜಿದ್ದ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಯಜಮಾನರು ಧಾರವಾಡದವರು, ಎಲೆಕ್ಟ್ರಾನಿಕ್ಸ್ ಎಂಜಿನಿಯರು. ಊರು ಬಿಟ್ಟು ಹೊರಟಿದ್ದ ಪಕ್ಕದ ಮನೆಯವನಿಂದ ಒಂದು ಹಳೆಯ ಕೆಂಪು ಕಾರನ್ನು ಕೊಂಡಿದ್ದರು. ಎರಡೇ ಬಾಗಿಲು, ಎಂಟು ಸಿಲಿಂಡರು, ನಮ್ಮ ಅಡುಗೆಮನೆಯಷ್ಟು ಉದ್ದದ ಮೂತಿ. ಇಂಥವಕ್ಕೆ ಅಮೆರಿಕದವರು ಮಸಲ್ ಕಾರು ಅನ್ನುತ್ತಾರೆ. ನಮ್ಮದರ ಮಸಲ್ಲೆಲ್ಲ ಕರಗಿ, ಗುರುಗುಟ್ಟುವ ಗಂಟಲೊಂದೇ ಉಳಿದಿತ್ತು. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು.

ಅದರ ಯೋಗಕ್ಷೇಮ ನನ್ನ ಪಾಲಿಗೆ ಬಂದದ್ದು ಹೇಗೆ ಅನ್ನುತ್ತೀರಾ? ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ ಬಂದು, ಇಲ್ಲಿ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಹತ್ತಿರದ ಕಾಲೇಜಿನಲ್ಲಿ ಸಂಜೆ ಕಾರು ರಿಪೇರಿ ಕಲಿಸುತ್ತಾರೆಂದು ತಿಳಿದು ಸೇರಿಕೊಂಡೆ. ಚೂಡಿದಾರದ ಮೇಲೆ ಯಜಮಾನರ ಹಳೇ ಶರ್ಟು ತೊಟ್ಟು ಕಾರಿನಡಿ ನುಸುಳಿದೆ. ಬ್ರೇಕ್ ಶೂ ಬದಲಾಯಿಸಿದೆ. ಗುಜರಿ ಯಾರ್ಡಿನಿಂದ ಭಾಗಗಳನ್ನು ಹುಡುಕಿ ತಂದು, ಕಿಡಿ ಹೊತ್ತಿಸುವ ಹಳೆಯ ಪಾಯಿಂಟ್ಸ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ. ಅಷ್ಟಾದರೂ ಸ್ಟಿಯರಿಂಗಿನ ಮೇಲಿಂದ ರಸ್ತೆ ಕಾಣಲು ನಾನು ದಿಂಬಿನ ಮೇಲೆ ಕೂರಬೇಕಿತ್ತು. ನಗಬೇಡಿ, ಕಾರು ಓಡಿಸಲು ಎತ್ತರ ಬೇಕೆಂದು ನಮ್ಮ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ಕೊಲ್ಲಿಯ ಆಚೆ ದಡ; ಸೇತುವೆ ದಾಟದೆ ಹೋಗಲು ಬೇರೆ ದಾರಿಯಿರಲಿಲ್ಲ, ಬೇರೆ ಕಾರೂ ಇರಲಿಲ್ಲ. ಯಜಮಾನರು ಸಹೋದ್ಯೋಗಿಗಳ ವ್ಯಾನಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದರು. ಕಾರು ಓಡಿದರೆ ಕೆಲಸ, ಇಲ್ಲದಿದ್ದರೆ ಮತ್ತೆ ಅದೇ ನಾಲ್ಕು ಗೋಡೆ. ಅಂಥ ಹೊತ್ತಿನಲ್ಲೇ ನಮ್ಮ ಕೆಂಪು ಕಾರು ಮಹಾರಾಯ ಕೆಮ್ಮಲು ಶುರುಮಾಡಿದ. ಶುಕ್ರವಾರ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಭಾಗಗಳನ್ನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಹರಡಿ ಊಟದ ಮೇಜಿನ ಮೇಲಿಟ್ಟು ಮಲಗಿದೆ.

ಆಗ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಹದಿನಾರು ಮೊಳದ ಸೀರೆಯುಟ್ಟು, ಕಾರ್ಪೆಟ್ಟಿನ ಮೇಲೆ ಮಣೆ ಹಾಕಿಕೊಂಡು ಕೂರುವ ಹೆಂಗಸು. ಶನಿವಾರಕ್ಕೆ ಆಯುಧಪೂಜೆ ಇಟ್ಟುಕೊಂಡಿದ್ದೆವು. ಇಲ್ಲಿ ಹಬ್ಬಗಳು ಶನಿವಾರ, ಭಾನುವಾರಗಳಲ್ಲೇ ಬರುತ್ತವೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಮೇಜಿನ ಮೇಲೆ ತಟ್ಟೆಯಿಲ್ಲ. ದೇವರ ಮುಂದೆ ದೀಪ, ಪಂಚಪಾತ್ರೆಗಳ ಜೊತೆ ನನ್ನ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್‌ಗಳು ಸಾಲಾಗಿ ಫಳಫಳ ಹೊಳೆಯುತ್ತಿವೆ, ಒಂದೊಂದಕ್ಕೂ ಕುಂಕುಮದ ಬೊಟ್ಟು! ಎಂಜಿನ್ನಿಗೆ ಗ್ಯಾಸು, ಅಂದರೆ ನಿಮ್ಮ ಪೆಟ್ರೋಲು, ಅಳೆದು ಬಿಡುವ ಆ ಜೆಟ್‌ಗಳ ರಂಧ್ರ ಸೂಜಿಯ ಕಣ್ಣಿಗಿಂತ ಸಣ್ಣದು.

"ಎಷ್ಟ ಕರ್ರಗಾಗಿದ್ವು ನೋಡವಾ. ಹುಣಸಿಹಣ್ಣು ಹಚ್ಚಿ ತಿಕ್ಕೀನಿ," ಅಂದರು ಅತ್ತೆ, ಬಹಳ ಸಮಾಧಾನದಿಂದ.

ಹಬ್ಬದ ದಿನ ಏನು ಹೇಳಲಿ? ಕುಂಕುಮ ಒರೆಸಿ, ನೀರಲ್ಲಿ ಅದ್ದಿ, ಒಣಗಿಸಿ ಜೋಡಿಸಿದೆ. ಆರತಿಯಾಯಿತು. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಿತು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಂಬದಿಂದ ಹೊರಟೆ. ಫ್ರೀವೇ ಹತ್ತುವ ಏರಿನಲ್ಲಿ ಕಾಲೊತ್ತಿದ್ದೇ ತಡ, ಕಾರು ಎರಡು ಸಲ ಬಿಕ್ಕಿ ನಿಂತೇಬಿಟ್ಟಿತು. ಹಿಂದೆ ಹಾರ್ನುಗಳ ಗಲಾಟೆ. ಯಜಮಾನರು ಮೆಲ್ಲಗೆ, ಆಸ್ಪತ್ರೆಯವರಿಗೆ ಫೋನ್ ಮಾಡಿ ಆಗೋದಿಲ್ಲ ಅಂದುಬಿಡೋಣವೇ ಎಂದು ಕೇಳಿದರು. ನಾನು ಕಾರಿಳಿದು ಹುಡ್ಡು ತೆಗೆದೆ.

ಟೋ ಟ್ರಕ್ಕಿನಲ್ಲಿ ಮನೆಗೆ ಬಂದ ಕಾರನ್ನು ಭಾನುವಾರ ಮತ್ತೆ ಬಿಚ್ಚಿದೆ. ಒಂದೊಂದೇ ಜೆಟ್ಟನ್ನು ಬೆಳಕಿಗೆ ಹಿಡಿದೆ. ಒಂದರಲ್ಲಿ ಬೆಳಕು ಬರಲೇ ಇಲ್ಲ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಕಂದು ಬಣ್ಣದ ಎಳೆಯೊಂದು ಅಂಗೈಗೆ ಬಿತ್ತು: ಹುಣಸೆಹಣ್ಣಿನ ನಾರು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ. ದಿನವೂ ಕೈಯಲ್ಲಿ ಹಿಂಡುವ ಹುಣಸೆ, ಅದರ ನಾರು ಅವರಿಗೆ ಗುರುತು ಸಿಗದೇ ಇರುತ್ತದೆಯೇ?

"ನನ್ನಿಂದನ ಆತಲ್ಲವಾ ಇದು," ಅಂದರು.

ನನಗೆ ಸಿಟ್ಟು ಬಂದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಮುಖ ನೋಡಿ ಅದು ನಿಲ್ಲಲಿಲ್ಲ. ಅತ್ತೆ ಮಣೆ ತಂದು ಗ್ಯಾರೇಜಿನಲ್ಲಿ ಹಾಕಿಕೊಂಡು, ಕನ್ನಡಕ ಏರಿಸಿ ನನ್ನ ಪಕ್ಕ ಕೂತರು. ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಪ್ರತಿ ಜೆಟ್ಟನ್ನೂ ಕಣ್ಣಿಗೆ ಹಿಡಿದು, "ಇದು ಸಾಫ್ ಅದ" ಎಂದು ನನ್ನ ಕೈಗಿಟ್ಟರು. ನಾನು ತಿರುಗಿಸಿ ಬಿಗಿದೆ. ಗ್ಯಾಸಿನ ವಾಸನೆಗೆ ಸೆರಗು ಮೂಗಿಗೆ ಬಂತೇ ಹೊರತು ಎದ್ದು ಹೋಗಲಿಲ್ಲ. ಪರೀಕ್ಷೆಗೆಂದು ಹೊರಟಾಗ ಮುಂದಿನ ಸೀಟು ಅವರೇ ಹಿಡಿದರು. ಕೆಟ್ಟು ನಿಂತರೆ ಒಬ್ಬಳೇ ನಿಲ್ಲಬೇಡ ಎಂದರು.

ನಿಲ್ಲಲಿಲ್ಲ. ಅದೇ ಏರು ಹತ್ತುವಾಗ ಕಾಲು ಒತ್ತಿದೆ. ಎಂಟೂ ಸಿಲಿಂಡರುಗಳು ಒಂದೇ ದನಿಯಲ್ಲಿ ಗುಡುಗಿದವು. ಸೇತುವೆಯ ಮೇಲೆ ಎರಡೂ ಕಡೆ ನೀರು, ಕಿಟಕಿಯಲ್ಲಿ ಗಾಳಿ, ಅತ್ತೆಯ ಸೆರಗು ಹಾರಿ ನನ್ನ ಮುಖದ ಮೇಲೆ. ನಾನೇ ಬಿಚ್ಚಿ ಕೂಡಿಸಿದ ಯಂತ್ರ ನಮ್ಮಿಬ್ಬರನ್ನೂ ಹೊತ್ತು ಓಡುತ್ತಿತ್ತು. ಅಂಥ ಹೆಮ್ಮೆ ನನಗೆ ಎಂ.ಎಸ್ಸಿ.ಯಲ್ಲಿ ರ್‍ಯಾಂಕು ಬಂದಾಗಲೂ ಆಗಿರಲಿಲ್ಲ.

ಸಂಜೆ ನಮ್ಮ ಮನೆಯ ದಸರೆ ಗೊಂಬೆ ನೋಡಲು ಬಂದ ಕನ್ನಡದವರು, ಇಂಥ ಕಾರನ್ನು ಇನ್ನೂ ಓಡಿಸುತ್ತಿದ್ದೀರಲ್ಲ ಎಂದು ಯಜಮಾನರನ್ನು ಹೊಗಳಿದರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿಂದ ಕೋಸಂಬರಿಯ ಪಾತ್ರೆ ಹಿಡಿದುಕೊಂಡೇ ಬಂದರು.

"ಅಂವಗ ಏನ್ ಬರ್ತದ? ಗಾಡಿ ನಮ್ಮ ಸೊಸೀದು. ಆಕೀನ ಬಿಚ್ಚತಾಳ, ಆಕೀನ ಕೂಡಸ್ತಾಳ. ನಾಳೆ ಅದರಾಗನ ನೌಕರಿಗೆ ಹೋಗ್ತಾಳ."

ಯಜಮಾನರು ನಕ್ಕು, ಟಾರ್ಚು ಹಿಡಿಯುವುದಷ್ಟೇ ತಮ್ಮ ಕೆಲಸ ಎಂದು ಒಪ್ಪಿಕೊಂಡರು. ಸೋಮವಾರ ನಾನು ಸೇತುವೆ ದಾಟಿದೆ. ಆಮೇಲೆ ನಿವೃತ್ತಳಾಗುವವರೆಗೂ ದಾಟುತ್ತಲೇ ಇದ್ದೆ.

ಇದನ್ನೆಲ್ಲ ಮೊನ್ನೆ ಮಗಳಿಗೆ ಅಲ್ಲೇ ಡ್ರೈವ್‌ವೇಯಲ್ಲಿ ನಿಂತು ಹೇಳಿದೆ. ಕನ್ನಡ ಪೂರ್ತಿ ತಿಳಿಯಿತೋ ಇಲ್ಲವೋ, ನಗುವುದನ್ನಂತೂ ನಿಲ್ಲಿಸಿದಳು. ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ.

"ಅಮ್ಮಾ, ಇಟ್ಸ್ ರಿಯಲಿ ಫಾಸ್ಟ್," ಅಂದಳು, ಅಳುಕುತ್ತಲೇ ಪಕ್ಕದಲ್ಲಿ ಕೂತು.

"ಬೆಲ್ಟು ಹಾಕ್ಕೋ," ಅಂದೆ.