ಕಟ್ಟೆಗೆ ಕಲ್ಲು ನೆಟ್ಟದ್ದು

ಅವಳು ತಾನಾಗಿಯೇ ಹೋದಳೆಂದು ಇಳಕಲ್ಲಿನ ನಮ್ಮ ಓಣಿಯವರು ಹೇಳುತ್ತಾರೆ. ಸುಳ್ಳು. ನಾವೇ ಓಡಿಸಿದೆವು.

ನಮ್ಮ ಮನೆಯಲ್ಲಿ ಕೈಮಗ್ಗ ಇದ್ದಾಗ ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿಕೊಡುತ್ತಿದ್ದ ಹೆಂಗಸು ಅವಳು. ನಾವು ಮಗ್ಗ ಮಾರಿದೆವು. ಅವಳ ಗಂಡ ಸತ್ತ, ಬಾಡಿಗೆ ಮನೆ ಹೋಯಿತು. ಆಮೇಲೆ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆಯೇ ಮಲಗುತ್ತಿದ್ದಳು. ದಾರಿಹೋಕರು ದಣಿವಾರಿಸಿಕೊಳ್ಳಲಿ ಎಂದು ನನ್ನ ಮಾವ ಕಟ್ಟಿಸಿದ ಕಟ್ಟೆ ಅದು. ಯಾರೂ ಏನೂ ಅನ್ನುತ್ತಿರಲಿಲ್ಲ. ನನ್ನ ಮೊಮ್ಮಗಳನ್ನು ನೋಡಲು ಹುನಗುಂದದಿಂದ ಗಂಡಿನವರು ಬರುತ್ತಾರೆಂದು ಗೊತ್ತಾದ ಮೇಲೆ ಅವಳ ಕೆಮ್ಮು ಎಲ್ಲರಿಗೂ ಕೇಳತೊಡಗಿತು.

ಒಂದು ಸಂಜೆ, ಶಾಲೆಯಲ್ಲಿ ಕಲಿಸುವ ನನ್ನ ಸೊಸೆ ಮೊಬೈಲಿನಲ್ಲಿ ಅಮೆರಿಕದ ಬೀದಿ ತೋರಿಸಿದಳು. ಸೇತುವೆಯ ಕೆಳಗೆ ಸಾಲು ಡೇರೆ, ಒಳಗೆ ಮನೆಯಿಲ್ಲದ ಜನ.

"ಇವ್ರು ಬಡವರೇನ? ಕಾಲಾಗ ಬೂಟು, ಮ್ಯಾಲ ನಾಯಿ ಬ್ಯಾರೆ ಸಾಕ್ಯಾರ!" ಎಂದು ಮಗ ನಕ್ಕ. ಕಟ್ಟೆಯ ಮೇಲಿದ್ದವಳನ್ನೂ ಕರೆದು ತೋರಿಸಿದ. "ನೋಡಬೇ, ಅಲ್ಲೆ ನಿನ್ನಂಥವ್ರಿಗೆ ಡೇರೆ ಐತಿ. ನಿನಗೇನೈತಿ?"

"ನನಗ ನಿಮ್ಮ ಕಟ್ಟಿ ಐತೆಲ್ಲೋ ಯಪ್ಪಾ."

ಮಗನ ನಗು ನಿಂತಿತು. ಮುಂದಿನ ಚಿತ್ರದಲ್ಲಿ, ಯಾರೂ ಮಲಗಬಾರದೆಂದು ಅಂಗಡಿಯ ಮೆಟ್ಟಿಲಿಗೆ ಕಬ್ಬಿಣದ ಮೊಳೆ ನೆಟ್ಟಿದ್ದರು. ಅದನ್ನು ಮತ್ತೊಮ್ಮೆ ಹಚ್ಚಿ ನೋಡಿದ. "ಶಾಣ್ಯಾ ಮಂದಿ. ಬೈಯೂದಿಲ್ಲ, ಬಡಿಯೂದಿಲ್ಲ."

ಅವನಿಗೆ ಗ್ರಾನೈಟ್ ಕೊಯ್ಯುವ ಕಡೆ ಕೆಲಸ. ಅವಳು ಮಹಾಕೂಟದ ಜಾತ್ರೆಗೆ ಬೇಡಲು ಹೋದಾಗ ಕೆಂಪು ಕಲ್ಲಿನ ಚೂರು ತಂದು, ಚೂಪು ಮೇಲೆ ಮಾಡಿ, ಕಟ್ಟೆಯುದ್ದಕ್ಕೂ ಸಿಮೆಂಟಿನಲ್ಲಿ ನೆಟ್ಟ. ಸಿಮೆಂಟು ಕಲಸಲು ನೀರು ಹಾಕಿದವಳು ನಾನು.

ತಿರುಗಿ ಬಂದವಳು ಕಲ್ಲಿನ ಮೇಲೆ ಗೋಣಿಚೀಲ ಮಡಚಿ ಹಾಸಿ ಕೂತು ನೋಡಿದಳು. ಕೂತ ಕೂಡಲೇ ಎದ್ದಳು. ಸೀರೆಗೆ ರಕ್ತ ಹತ್ತಿತ್ತು.

"ಯಕ್ಕಾ, ನಾ ಎಲ್ಲಿ ಮಕ್ಕೊಳ್ಳಲಿ?"

"ಅಮೆರಿಕಾಕ್ಕ ಹೋಗು. ಡೇರೆ ಕೊಡ್ತಾರ," ಎಂದೆ. ಒಳಗೆ ಸೊಸೆ ಕಿಸಕ್ಕನೆ ನಕ್ಕಳು.

ಕಲ್ಲಿಗೆ ಸಿಕ್ಕಿಕೊಂಡ ಚೀಲವನ್ನು ಎರಡು ಸಲ ಜಗ್ಗಿ, ಅದನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಮತ್ತೆ ನಾನು ಅವಳನ್ನು ನೋಡಿಲ್ಲ.

ಅಲ್ಲಿಯ ಬಡವರು ಹಾಗೆ, ಇಲ್ಲಿಯವರು ಹೀಗೆ ಎಂದು ಕಲಿತವರು ಹೋಲಿಸುತ್ತಾರೆ. ನಾನು ಓದಿದ್ದು ಎರಡನೇ ಇಯತ್ತೆ. ನನಗೆ ಕಂಡ ಫರಕು ಇಷ್ಟೇ: ಅಲ್ಲಿ ಮೊಳೆ, ಇಲ್ಲಿ ಕಲ್ಲು.

ಮರುದಿನ ಬೆಳಿಗ್ಗೆ ಆ ಚೀಲ ಬಿಡಿಸಿ, ಒಗೆದು, ಬಚ್ಚಲ ಬಾಗಿಲಿಗೆ ಕಾಲೊರಸಲು ಹಾಕಿದೆ.