ನಾನು ಅಳಿಸಿದ ಫೈಲು

ನಾಗವೇಣಿ, ಆ ಫೈಲನ್ನು ಅಳಿಸಿದ್ದು ನಾನು. ನಿನ್ನ ಕೋಡಿನಲ್ಲಿ ತಪ್ಪೇ ಇರಲಿಲ್ಲ. ಇಷ್ಟು ಹೇಳಲಾಗದೆ ನಾಲ್ಕು ವರ್ಷ ಒದ್ದಾಡಿದ್ದೇನೆ — ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂತು ಬರೆಯಲಾಗುತ್ತಿಲ್ಲ, ಎರಡು ಸಾಲಿಗೊಮ್ಮೆ ಎದ್ದು ಓಡಾಡುತ್ತಿದ್ದೇನೆ.

ಸಾಗರದ ನಮ್ಮ ಪುಟ್ಟ ಆಫೀಸಿನಲ್ಲಿ ಕೂತು ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ಕ್ಲಿನಿಕ್‌ಗಳಿಗೆ ಟೋಕನ್ ತೆಗೆಯುವ ವೆಬ್‌ಸೈಟ್ ಮಾಡಿದ್ದೆವು. ಆಫೀಸಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯುತ್ತಿದ್ದ ಪುಟ, ನೆಟ್‌ವರ್ಕ್ ಸರಿಯಾಗಿ ಸಿಗದ ನಿಮ್ಮೂರು ಮಾಸ್ತಿಕಟ್ಟೆಯಲ್ಲಿ ತೆರೆಯುತ್ತಲೇ ಇರಲಿಲ್ಲ. ನೀನು ವಾರವಾರವೂ ಊರಿಗೆ ಹೋಗಿ, ನಿನ್ನ ದೊಡ್ಡಮ್ಮನ ಹಳೆಯ ಫೋನಿನಲ್ಲಿ ಅದನ್ನು ತೆರೆದು, ಎಷ್ಟು ಹೊತ್ತು ಬಿಳಿ ಪರದೆ ನೋಡುತ್ತ ಕೂತೆ ಎಂದು ಸೋಮವಾರ ವರದಿ ಒಪ್ಪಿಸುತ್ತಿದ್ದೆ. ನಾವೆಲ್ಲ ನಗುತ್ತಿದ್ದೆವು.

ನಗದೆ ದಾರಿ ಹುಡುಕಿದವಳು ನೀನೊಬ್ಬಳೇ. "ಅಕ್ಕ, ಪುಟ ತೆರೆಯೋರಿಗೆಲ್ಲ ದಿನ ಆರಿಸೋ ಆ ದೊಡ್ಡ ಕ್ಯಾಲೆಂಡರ್ ಯಾಕೆ ಹೊರಿಸ್ಬೇಕು? ಟೋಕನ್ ಬಟನ್ ಒತ್ತಿದವ್ರಿಗೆ ಮಾತ್ರ ಕಳ್ಸಿದ್ರೆ ಸಾಕಲ್ಲ" ಎಂದು ನೀನೇ ಹೇಳಿದ್ದು. ಮೂರೂ ಕ್ಲಿನಿಕ್‌ಗಳ ಸೈಟುಗಳಿಗೆ ಕ್ಯಾಲೆಂಡರಿನ ಕೋಡೆಲ್ಲ ಇರುವ ಒಂದೇ ಫೈಲು. ಬೇಕಾದಾಗ ಬರುತ್ತದೆ, ಒಮ್ಮೆ ಬಂದರೆ ಫೋನಿನಲ್ಲೇ ಉಳಿಯುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ನಿನ್ನ ಹೆಸರಿತ್ತು. ದೊಡ್ಡಮ್ಮನ ಫೋನಿನಲ್ಲಿ ಪುಟ ಥಟ್ಟನೆ ತೆರೆದ ದಿನ ನೀನು ಫೋನ್ ಮಾಡಿ ಕಿರುಚಿದ್ದು — ನನಗೆ ಹೊಟ್ಟೆಕಿಚ್ಚಾಗಿತ್ತೇ? ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಆಮೇಲೊಂದು ಭಾನುವಾರ ಸರ್ವರಿನಲ್ಲಿದ್ದ ಬೇಡದ ಫೈಲುಗಳನ್ನು ತೆಗೆಯಲು ಕೂತೆ. ಪುಟಗಳನ್ನು ಒಂದೊಂದಾಗಿ ತೆರೆದು, ಯಾವ ಫೈಲು ಬರುವುದಿಲ್ಲವೋ ಅದನ್ನು ಅಳಿಸುತ್ತ ಹೋದೆ. ಬಟನ್ ಒತ್ತಿದರೆ ಮಾತ್ರ ಬರುವ ನಿನ್ನ ಫೈಲು, ಪುಟ ತೆರೆದ ಮಾತ್ರಕ್ಕೆ ಹೇಗೆ ಬಂದೀತು? ಅಷ್ಟೂ ಹೊಳೆಯಲಿಲ್ಲ. ಕೊನೆಗೆ ಒತ್ತಿಯೂ ನೋಡಿದೆ — ನನ್ನ ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಉಳಿದಿತ್ತು, ಎಲ್ಲವೂ ಸರಿಯಾಗಿಯೇ ಕಂಡಿತು.

ಸೋಮವಾರ ಬೆಳಿಗ್ಗೆ, ಮೊದಲ ಸಲ ಟೋಕನ್ ತೆಗೆಯುವವರಿಗೆಲ್ಲ ಬಟನ್ ಒತ್ತಿದರೂ ಏನೂ ಬರಲಿಲ್ಲ. ದೂರದ ಹಳ್ಳಿಯಿಂದ ಬಂದಿದ್ದ ಒಬ್ಬಳು ಬಸುರಿ ಮಧ್ಯಾಹ್ನದವರೆಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಟೋಕನ್ ಸಿಗದೆ ವಾಪಸ್ ಹೋದಳಂತೆ. ನಮ್ಮ ಮಾಲೀಕ ಪ್ರಭಾಕರಣ್ಣ ಕೆಂಡಾಮಂಡಲವಾಗಿ ಒಳಗೆ ಬಂದಾಗ ನೀನಿನ್ನೂ ಊಟ ಮುಗಿಸಿ ಬಂದಿರಲಿಲ್ಲ. "ಯಾರು ಮಾಡಿದ್ದು ಇದು? ಬೆಳಿಗ್ಗೆಯಿಂದ ಫೋನ್ ಕೆಳಗಿಡಕ್ಕೆ ಬಿಡ್ತಿಲ್ಲ ಜನ!" ನನಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಫೈಲನ್ನು ಸದ್ದಿಲ್ಲದೆ ವಾಪಸ್ ಹಾಕಿಯೂ ಆಗಿತ್ತು. ಆದರೆ ಬಾಯಿಂದ ಬಂದದ್ದು —

"ನಾಗವೇಣಿದು ಅಣ್ಣ. ಇದೆಲ್ಲ ಬೇಡ ಅಂತ ನಾನ್ ಮೊದ್ಲೇ ಹೇಳಿದ್ದೆ."

ನಾನು ಯಾವತ್ತೂ ಹೇಳಿರಲಿಲ್ಲ.

ಎರಡು ದಿನ ನೀನು ಇಲ್ಲದ ತಪ್ಪನ್ನು ಹುಡುಕಿದೆ. ಮಾಸ್ತಿಕಟ್ಟೆಗೂ ಹೋಗಿ ಬಂದೆ. "ಎಲ್ಲ ಸರಿ ಇದ್ಯಲ್ಲ ಅಕ್ಕ... ಹಂಗಾದ್ರೆ ಅವತ್ತು ಎಂತ ಆಗಿತ್ತು? ನಂದೇ ಏನೋ ತಪ್ಪಿರ್ಬೇಕು." ಪಕ್ಕದಲ್ಲೇ ಕೂತು ನಾನು ನಿನಗೆ ಚಹಾ ಬಗ್ಗಿಸಿದೆ. ಸಮಾಧಾನವನ್ನೂ ಹೇಳಿದೆ. ಕಾರಣ ಹೇಳಲಾರದ ನಿನ್ನನ್ನೂ ನಿನ್ನ ವಿಧಾನವನ್ನೂ ಪ್ರಭಾಕರಣ್ಣ ಒಟ್ಟಿಗೇ ತೆಗೆದುಹಾಕಿದರು.

ವರ್ಷದ ನಂತರ ಸೈಟು ನಿಧಾನವೆಂದು ಜನ ಬೈಯತೊಡಗಿದಾಗ ನಿನ್ನ ಫೈಲನ್ನೇ ಹೊರತೆಗೆದೆ. ಮೊದಲ ಸಾಲಿನಲ್ಲಿದ್ದ ನಿನ್ನ ಹೆಸರು ಅಳಿಸಿ ನನ್ನದು ಹಾಕಿದೆ. ಭೇಷ್ ಅನ್ನಿಸಿಕೊಂಡೆ. ಅದು ಕೈತಪ್ಪಿ ಆದದ್ದಲ್ಲ.

ಹೋದ ವಾರ ತೀರ್ಥಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ನೀನು ಯಾರದೋ ಅರ್ಜಿ ತುಂಬುತ್ತಿದ್ದೆ. ನನ್ನನ್ನು ಕಂಡು "ಅಕ್ಕ, ಬನ್ನಿ ಬನ್ನಿ" ಎಂದು ಸ್ಟೂಲು ಒರೆಸಿ ಕೊಟ್ಟವಳು, "ಆ ಕ್ಯಾಲೆಂಡರ್ ಎಂತಕ್ಕೆ ಕೈ ಕೊಡ್ತು ಅಂತ ಈಗ್ಲೂ ಯೋಚ್ನೆ ಬರತ್ತೆ ನಂಗೆ" ಎಂದು ನಕ್ಕುಬಿಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಇವತ್ತು ಪ್ರಭಾಕರಣ್ಣನಿಗೆ ಎಲ್ಲ ಹೇಳಿದೆ. ಫೈಲಿನ ಮೊದಲ ಸಾಲಿಗೆ ನಿನ್ನ ಹೆಸರು ಮರಳಿದೆ. ಅದರಿಂದ ಆ ನಾಲ್ಕು ವರ್ಷ — ಇಲ್ಲ, ಬರುವುದಿಲ್ಲ, ಗೊತ್ತು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತಂದು ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಸ್ಟೂಲು ಒರೆಸಬೇಡ.