ಸುಲಭಾಬಾಯಿಯ ನಾಲ್ಕನೇ ತರಬೇತಿ

ತಾಸಗಾವ ಬಳಿಯ ನಮ್ಮೂರ ಶಾಲೆಯಲ್ಲಿ ಓದಲು ತಿಣುಕುವ ಮಕ್ಕಳಿಗೆ ಹನ್ನೊಂದು ವರ್ಷದಿಂದ ಶಿಕ್ಷಕಿ ಸುಲಭಾಬಾಯಿಯೇ ಗತಿ. ಈ ವರ್ಷ ಅಂಥ ಮಕ್ಕಳು ಆರು. ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿ, ಬೆರಳು ಹಿಡಿದು ಅಕ್ಷರ ತಿದ್ದಿಸಿ, ನನ್ನ ಮಗಳು ಮುಕ್ತಾಳಿಗೂ ಓದು ಹತ್ತಿಸಿದರು. ಅಂಥವರನ್ನೇ ಹೆಡ್ಮಾಸ್ತರರು ನಾಲ್ಕನೇ ಸಲ ಅದೇ ಓದು ಕಲಿಸುವ ತರಬೇತಿಗೆ ಹಾಕಿದರು. ಹೋದ ಸಲ ಸುಲಭಾಬಾಯಿ ಹದಿನೈದು ದಿನ ಇಲ್ಲದೆ ಮುಕ್ತಾ ಕಲಿತದ್ದನ್ನೆಲ್ಲ ಮರೆತಿದ್ದಳು. ನನ್ನ ತಲೆ ಕೆಟ್ಟಿತು. ಶಾಲೆ ಬಾಗಿಲಲ್ಲೇ ನನ್ನ ರಿಕ್ಷಾ ಬಿಟ್ಟು ಹೆಡ್ಮಾಸ್ತರರ ಕೋಣೆಗೆ ನುಗ್ಗಿದೆ.

"ಗುರೂಜಿ, ಈಜು ಬರೋರನ್ನೇ ಈಜು ಕಲಿಯಾಕ ಕಳಸ್ತೀರಲ್ಲ. ಬರದ ಮಾಸ್ತರು ಇಲ್ಲೇ ಎಂಟು ಮಂದಿ ಕುಂತಾರ."

"ಅವರು ಹೋದ್ರ ವರ್ಗ ಯಾರು ನೋಡಬೇಕೋ ಸಂಭಾಜಿ? ಸುಲಭಾಬಾಯಿ ಹತ್ರ ಇರೋದು ಆರೇ ಹುಡುಗರು."

"ಆರು ಮಂದಿ ಅಂದ್ರ ಲೆಕ್ಕಕ್ಕಿಲ್ಲೇನು?"

ಸುಲಭಾಬಾಯಿ ಜಗಳಾಡಲಿಲ್ಲ. ಸೋಮವಾರ ಹಿಟ್ಟಿನ ತಟ್ಟೆ ಹಿಡಿದು, ಆರೂ ಮಕ್ಕಳೊಂದಿಗೆ ನನ್ನ ರಿಕ್ಷಾ ಹತ್ತಿದರು.

"ನಡೀರಿ ಸಂಭಾಜಿದಾದಾ, ತರಬೇತಿಗೆ ಹೋಗೂಣು. ಈ ಹದಿನೈದು ದಿನ ನಮ್ಮ ಪಾಠ ಅಲ್ಲೇ."